ತಲೆ ತಗ್ಗಿಸಿ ಒಳಗೆ ಬನ್ನಿ: ಆಗುಂಬೆ ಸೀಮೆಯ ತೊಟ್ಟಿ ಮನೆಗಳು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಗೆ ಮುಖವಿಟ್ಟು ಕೂತವರಿಗೆ ಈ ಸೀಮೆಯಲ್ಲಿ ಊರುಗಳೇ ಇಲ್ಲವೇನೋ ಅನ್ನಿಸುತ್ತದೆ. ಊರುಗಳಿವೆ, ರಸ್ತೆಗೆ ಕಾಣುವುದಿಲ್ಲ. ಡಾಂಬರು ಬಿಟ್ಟು ಮಣ್ಣು ದಾರಿ ಹಿಡಿದು, ಹಳ್ಳ ದಾಟಿ, ಉಣುಗೋಲು ಸರಿಸಿ ನಡೆದರೆ ಕೆಳಗೆ ಕಣಿವೆ ತುಂಬ ಅಡಿಕೆ ತೋಟ, ಮೇಲೆ ಕಾಡು, ನಡುವೆ ಒಂದೇ ಒಂದು ಮನೆ. ಪಕ್ಕದ ಮನೆ ಎನ್ನುವುದು ಕೂಗಿದರೆ ಕೇಳದಷ್ಟು ದೂರ. ನೂರು ವರ್ಷ ದಾಟಿದ ಇಂಥ ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವುದು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಖಾಲಿ ಬಿದ್ದ ಕೋಣೆಗಳಿಗೆ ವಾರದ ಕೊನೆಯಲ್ಲಿ ಅದೇ ಬೆಂಗಳೂರಿನಿಂದ ಬೇರೆ ಯಾರದೋ ಮಕ್ಕಳು ಬಂದು ಉಳಿಯುತ್ತಾರೆ.

ಬಂದವರಿಗೆ ಅನ್ನ, ಮಲಗಲು ಜಾಗ ಕೊಡುವುದು ಈ ಕಡೆಗೆ ಹೊಸತಲ್ಲ. ಆಗುಂಬೆ ಪೇಟೆಯಲ್ಲೇ ಇರುವ ದೊಡ್ಡಮನೆ ಇದಕ್ಕೆ ಎಲ್ಲರೂ ಬಲ್ಲ ಸಾಕ್ಷಿ. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಎಂಬ ದೂರದರ್ಶನ ಧಾರಾವಾಹಿಯಾಗಿ ತೆಗೆದಾಗ ಪುಟ್ಟ ಸ್ವಾಮಿಯ ಮನೆಯಾಗಿ ಕಾಣಿಸಿದ್ದು ಇದೇ ಮನೆ. ಧಾರಾವಾಹಿ ಮುಗಿದ ಮೇಲೂ ಚಾರಣಿಗರು, ಹಾವು ಕಪ್ಪೆ ಹುಡುಕಿ ಬರುವ ಸಂಶೋಧಕರು, ದಾರಿಹೋಕರು ಇಲ್ಲಿ ಉಂಡು ಮಲಗಿ ಹೋದರು. ಇಷ್ಟೇ ದರ ಎಂದು ಹೇಳದೆ, ಕೊಟ್ಟಷ್ಟನ್ನು ತೆಗೆದುಕೊಂಡ ಮನೆ ಎಂಬ ಹೆಸರು ಅದಕ್ಕಿದೆ. ಈಗಿನ ಹೋಂಸ್ಟೇಗಳು ದರ ಹೇಳುತ್ತವೆ, ಹೇಳಲೇಬೇಕು. ಮಾಡಿನ ಹೆಂಚನ್ನು ವರ್ಷವರ್ಷ ಕೈಯಾಡಿಸಲು, ಗೆದ್ದಲು ಹಿಡಿದ ತೊಲೆ ಬದಲಿಸಲು ದುಡ್ಡು ಬೇಕು. ಎಲೆಚುಕ್ಕಿ ರೋಗ ತಗುಲಿದ ಅಡಿಕೆ ತೋಟವನ್ನೊಂದೇ ನಂಬಿ ಕೂರುವ ಕಾಲ ಇದಲ್ಲ.

ಇಂಥ ಮನೆಯನ್ನು ಬೀಗದ ಕೈ ಕೊಟ್ಟು ಅತಿಥಿಗೆ ಒಪ್ಪಿಸಲು ಬರುವುದಿಲ್ಲ. ಪೇಟೆಯ ಲಾಡ್ಜಿನಲ್ಲಿ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಸ್ವಿಚ್ಚು, ನಲ್ಲಿ, ಚಿಲಕ ಎಲ್ಲ ಊರಲ್ಲೂ ಒಂದೇ. ತೊಟ್ಟಿ ಮನೆ ಹಾಗಲ್ಲ. ಇಲ್ಲಿ ಸ್ನಾನ ಮಾಡುವುದನ್ನು, ಹೊಸ್ತಿಲು ದಾಟುವುದನ್ನು, ಕತ್ತಲೆಯಲ್ಲಿ ಅಂಗಳಕ್ಕಿಳಿಯುವುದನ್ನು ಬಂದವರಿಗೆ ಹೇಳಿಕೊಡಬೇಕು. ಮೊದಲ ಒಂದು ಗಂಟೆಯಲ್ಲಿ ಮನೆಯವರು ಅದನ್ನು ಹೇಗೆ ಹೇಳುತ್ತಾರೆ ಎನ್ನುವುದರ ಮೇಲೆ ಅತಿಥಿ ಆ ಮನೆಯಲ್ಲಿ ಬಾಳುತ್ತಾನೋ, ಬರೀ ಮಲಗಿ ಎದ್ದು ಹೋಗುತ್ತಾನೋ ಎಂಬುದು ತೀರ್ಮಾನವಾಗುತ್ತದೆ. ನಾನು ಕಂಡ ಒಳ್ಳೆಯ ಮನೆಗಳೆಲ್ಲ ಈ ಒಂದು ಗಂಟೆಯನ್ನು ಬಹಳ ಜೋಪಾನವಾಗಿ ಬಳಸುತ್ತವೆ.

ಶುರುವಾಗುವುದು ಅಂಗಳದಿಂದ. “ಬನ್ನಿ ಬನ್ನಿ, ದಾರಿ ತಪ್ಪಲಿಲ್ವಲ್ಲ? ಕಾಲು ತೊಳ್ಕೊಳಿ” ಎಂದು ಮನೆಯ ಅಮ್ಮ ತಂಬಿಗೆ ಇಡುತ್ತಾರೆ. ಅದು ಬರೀ ಉಪಚಾರವಲ್ಲ. ಕೆಸರಿನ ಜೊತೆ ಬೆರಳ ಸಂದಿಯಲ್ಲಿ ರಕ್ತ ಹೀರುವ ಉಂಬಳ ಕೂತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು. ಆಮೇಲೆ ಬೇಕಿದ್ದವರಿಗೆ ಕಷಾಯ. ಸಾಮಾನು ಕೋಣೆಗೆ ಒಯ್ಯುವ ಅವಸರ ಯಾರಿಗೂ ಇರುವುದಿಲ್ಲ. ಒಳಗೆ ಹೊರಡುವಾಗ ಯಜಮಾನರು ಮುಂದೆ ನಡೆದು, “ತಲೆ ಜೋಪಾನ ಮಾರಾಯ್ರೆ, ಬಾಗಿಲು ಗಿಡ್ಡ” ಎನ್ನುತ್ತಾರೆ. ಬಾಗಿಲು ತಗ್ಗು, ಹೊಸ್ತಿಲು ಎತ್ತರ. ಹೇಳಿದರೂ ಎತ್ತರದವರು ಒಮ್ಮೆಯಾದರೂ ಹಣೆ ಬಡಿಸಿಕೊಳ್ಳುತ್ತಾರೆ.

ಆಚೆ ಬದಿಗೆ ದಾಟಿದರೆ ತೊಟ್ಟಿ. ಮನೆಯ ಒಡಲಲ್ಲೇ ಆಕಾಶಕ್ಕೆ ತೆರೆದ ಅಂಗಳ, ಸುತ್ತ ನಾಲ್ಕೂ ಕಡೆ ಜಗಲಿ, ಜಗಲಿಯ ಹಿಂದೆ ಕೋಣೆಗಳು, ಮೇಲೆ ಉಪ್ಪರಿಗೆ, ಅದಕ್ಕೂ ಮೇಲೆ ಅಟ್ಟ. ಮರದ ಕಂಬಗಳು ತಲೆಮಾರುಗಳ ಬೆನ್ನು ಒರಗಿ ಒರಗಿ ನುಣುಪಾಗಿವೆ. ಮಾಡಿನ ಒಳ ಇಳಿಜಾರಿನ ನೀರೆಲ್ಲ ತೊಟ್ಟಿಗೇ ಸುರಿದು ತೂಬಿನಿಂದ ಹೊರಗೆ ಹೋಗುತ್ತದೆ. ಆಗುಂಬೆಯ ಮಳೆ ಎಂಥದೆಂದು ಗೊತ್ತಿದ್ದವರಿಗೆ ಈ ಕಟ್ಟಡದ ಜಾಣ್ಮೆ ತಾನೇ ತಿಳಿಯುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ ಇದು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4508 ಮಿಲಿಮೀಟರ್ ಸುರಿದ ದಾಖಲೆ ಇದೆ. ಹೊರಗೆ ಕಾಲಿಡಲಾಗದ ಆ ದಿನಗಳಲ್ಲಿ ಮನೆಯೊಳಗೇ ಬೆಳಕು, ಗಾಳಿ, ಅಂಗಳ, ಆಕಾಶ ಎಲ್ಲ ಇರಬೇಕೆಂದು ಕಟ್ಟಿಕೊಂಡದ್ದು ತೊಟ್ಟಿ. ಜಗಲಿಯ ಅಂಚಿನಲ್ಲಿ ಕೂತರೆ ಎರಡು ಮಾರು ದೂರದಲ್ಲಿ ಮಳೆ ಧೋ ಎಂದು ಇಳಿಯುತ್ತಿರುತ್ತದೆ, ಮೈಮೇಲೆ ಹನಿ ಬೀಳುವುದಿಲ್ಲ. ಎಷ್ಟು ಸಲ ಹೋದರೂ ನನಗೆ ಅಲ್ಲಿಂದ ಏಳುವ ಮನಸ್ಸಾಗುವುದಿಲ್ಲ. ಬಂದವರನ್ನು ಮೊದಲು ಕೋಣೆಗಲ್ಲ, ಇಲ್ಲಿಗೇ ಕರೆತಂದು ಕೂರಿಸುವ ಮನೆಯವರು ತಮ್ಮ ಮನೆಯನ್ನು ಚೆನ್ನಾಗಿ ಬಲ್ಲವರು.

ಕೋಣೆಯ ವಿಷಯದಲ್ಲಿ ಸತ್ಯ ಹೇಳಿಬಿಡುವುದು ಒಳ್ಳೆಯದು. ಕಿಟಕಿ ಸಣ್ಣದು, ಹಗಲಲ್ಲೂ ಮಬ್ಬು. ಉಪ್ಪರಿಗೆಯ ಹಲಗೆಯ ಮೇಲೆ ನಡೆದರೆ ಕೆಳಗಿನವರಿಗೆ ಹೆಜ್ಜೆ ಕೇಳುತ್ತದೆ, ಪಿಸುಮಾತೂ ಗೋಡೆ ದಾಟುತ್ತದೆ. ಮಂಗ ಹೆಂಚು ಸರಿಸಿದ ಕಡೆ ಸೋರುತ್ತದೆ. ರಾತ್ರಿ ಹನಿ ಬಿದ್ದರೆ ಇಡಲು ಮೂಲೆಯಲ್ಲೊಂದು ಪಾತ್ರೆ ಇರುತ್ತದೆ. ಹೊಗೆಯ ವಾಸನೆ ಎಂದು ಮೂಗು ಮುಚ್ಚಿಕೊಳ್ಳುವವರಿಗೆ ಯಜಮಾನರು ಅಟ್ಟ ತೋರಿಸಬೇಕು. ಒಲೆಯ ಹೊಗೆ ಏರಿ ಅಟ್ಟದ ಮರವನ್ನು ಹುಳದಿಂದ ಕಾಯುತ್ತದೆ, ಅಲ್ಲಿಟ್ಟ ಕಾಳು ಕಡಿಯನ್ನೂ ಮಳೆಗಾಲದ ಮುಗ್ಗಲಿನಿಂದ ಉಳಿಸುತ್ತದೆ. ಕಾರಣ ತಿಳಿದ ಮೇಲೆ ಅದೇ ವಾಸನೆ ಯಾರಿಗೂ ತೊಂದರೆ ಕೊಟ್ಟದ್ದನ್ನು ನಾನು ಕಂಡಿಲ್ಲ.

ಬಚ್ಚಲು ಮನೆಗೆ ಮಾತ್ರ ಜೊತೆಯಲ್ಲೇ ಹೋಗಿ ತೋರಿಸಬೇಕು. ಮಣ್ಣಿನ ಒಲೆಯಲ್ಲಿ ಹೂತಿಟ್ಟ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ. ಒಲೆಗೆ ಅಡಿಕೆ ಸಿಪ್ಪೆ, ಒಣ ಹಾಳೆ, ತೆಂಗಿನ ಮಟ್ಟೆ, ದಪ್ಪ ಕುಂಟೆ. ಬೆಳಗಿನಿಂದ ರಾತ್ರಿಯವರೆಗೂ ನೀರು ಕುದಿಯುತ್ತಲೇ ಇರುತ್ತದೆ. ಗೀಸರಿನ ನಲ್ಲಿ ತಿರುಗಿಸಿ ರೂಢಿಯಾದವರು ಚೊಂಬಿನಿಂದ ನೇರವಾಗಿ ಮೈಮೇಲೆ ಹೊಯ್ದುಕೊಂಡರೆ ಬೊಬ್ಬೆ ಏಳುತ್ತದೆ. “ಬಕೇಟಿಗೆ ಮೊದ್ಲು ತಣ್ಣೀರು ಹಾಕ್ಕೊಳಿ, ಆಮೇಲೆ ಬಿಸಿನೀರು ಬೆರೆಸಿ” ಎನ್ನುವುದು ಮೊದಲ ಪಾಠ. ತೋಡಿದಷ್ಟು ನೀರನ್ನು ಹಂಡೆಗೆ ಮತ್ತೆ ತುಂಬಬೇಕು ಎನ್ನುವುದು ಎರಡನೆಯದು. ಬರಿದಾದ ಹಂಡೆಯ ತಳ ಬೆಂಕಿಗೆ ಸುಟ್ಟುಹೋಗುತ್ತದೆ, ಮುಂದೆ ಸ್ನಾನಕ್ಕೆ ಬರುವವರಿಗೆ ನೀರೂ ಇರುವುದಿಲ್ಲ. ಚಳಿ ಎಂದು ಹೊಗೆಗಂಡಿ, ಕಿಟಕಿ ಮುಚ್ಚಬಾರದು ಎನ್ನುವುದನ್ನು ಒತ್ತಿ ಹೇಳಲೇಬೇಕು. ಮುಚ್ಚಿದ ಕೋಣೆಯಲ್ಲಿ ಒಲೆಯ ಹೊಗೆ ತುಂಬಿದರೆ ಜೀವಕ್ಕೇ ಅಪಾಯ. ಇಷ್ಟು ತಿಳಿದ ಮೇಲೆ ಆ ಸ್ನಾನದ ಸುಖ ಬೇರೆಲ್ಲೂ ಸಿಗದು. ಮಳೆಯಲ್ಲಿ ನೆನೆದು ನಡುಗುತ್ತ ಬಂದವರು ಹಂಡೆ ನೀರು ಹೊಯ್ದುಕೊಂಡು ಕೆಂಪಗಾಗಿ ಹೊರಬಂದಾಗ, ಅದುವರೆಗೆ ಸಿಗ್ನಲ್ ಸಿಗಲಿಲ್ಲವೆಂದು ಮುಖ ಗಂಟಿಕ್ಕಿಕೊಂಡಿದ್ದವರೂ ಅಡುಗೆ ಮನೆಯ ಬಾಗಿಲಲ್ಲಿ ಬಂದು ಮಾತಿಗೆ ನಿಲ್ಲುತ್ತಾರೆ. ಒದ್ದೆ ಬಟ್ಟೆಯನ್ನು ಅಮ್ಮ ಇಸಿದುಕೊಂಡು ಬಚ್ಚಲೊಲೆಯ ಮೇಲಿನ ಗಳಕ್ಕೆ ಹರಡುತ್ತಾರೆ. ಆಷಾಢದಲ್ಲಿ ಈ ಸೀಮೆಯಲ್ಲಿ ಬಟ್ಟೆ ಒಣಗುವ ಜಾಗ ಅದೊಂದೇ.

ಅಡುಗೆ ಮನೆ, ದೇವರ ಕೋಣೆಯ ಕಟ್ಟಳೆಗಳ ಬಗ್ಗೆ ಒಂದು ಮಾತು ಹೇಳಬೇಕು. ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರಬೇಡಿ, ಈ ಮನೆಯಲ್ಲಿ ಮಾಂಸ ಮದ್ಯ ಇಲ್ಲ ಎಂದು ಮೊದಲೇ ತಿಳಿಸುವುದು ನ್ಯಾಯ. ಬರುವವರು ತಮಗೆ ಬೇಕಾದ ಮನೆ ಆರಿಸಿಕೊಳ್ಳುತ್ತಾರೆ. ಬಂದವರ ಜಾತಿ ಕೇಳುವುದು ನ್ಯಾಯವಲ್ಲ. ಅತಿಥಿಯನ್ನು ಪಂಕ್ತಿಯಲ್ಲಿ ಬೇರೆ ಕೂರಿಸಬೇಕೆನ್ನುವ ಮನೆ ಯಾರಿಗೂ ಬಾಗಿಲು ತೆರೆಯದಿರುವುದೇ ಮೇಲು.

ಊಟ ಹೆಚ್ಚು ವಿವರಣೆ ಬೇಡುವುದಿಲ್ಲ. ಅಕ್ಕಿ ರೊಟ್ಟಿ, ಕಡುಬು, ಒಂದೆಲಗದ ತಂಬುಳಿ, ಕೆಸುವಿನ ಪತ್ರೊಡೆ, ಅಪ್ಪೆಮಿಡಿ ಉಪ್ಪಿನಕಾಯಿ, ಮಳೆ ಜೋರಾದಾಗ ಹಲಸಿನ ಹಪ್ಪಳ. ಕಳಲೆಯ ಪಲ್ಯ ಕಂಡು ‘ನಮ್ಮ ಮನೆಯಲ್ಲೂ ಮಾಡೋಣ’ ಎಂದು ಬಿದಿರು ಮೊಳಕೆ ಕಿತ್ತು ಹೊರಡುವ ಉತ್ಸಾಹಿಗಳಿಗೆ ಮಾತ್ರ, ಅದನ್ನು ಹೆಚ್ಚಿ ನೀರು ಬದಲಿಸುತ್ತ ನೆನೆಸದಿದ್ದರೆ ವಿಷ ಎಂದು ತಿಳಿಸಿ ಕಳಿಸಬೇಕು.

ಕತ್ತಲಾಗುವ ಮೊದಲು ಹೇಳಬೇಕಾದ ಮಾತುಗಳು ಬೇರೆ. ಮರ ಬಿದ್ದು ತಂತಿ ಹರಿದರೆ ಕರೆಂಟು ಮರುದಿನವೂ ಬರದಿರಬಹುದು. ದೀಪ ಇಲ್ಲಿದೆ, ಬೆಂಕಿಪೊಟ್ಟಣ ಇಲ್ಲಿದೆ, ಫೋನಿಗೆ ಸಿಗ್ನಲ್ ಸಿಗುವುದು ಮೇಲಿನ ಗುಡ್ಡದಲ್ಲಿ. ಶೌಚಾಲಯ ಹೊರಗಿದ್ದರೆ ಟಾರ್ಚ್, ಕೊಡೆ ಬಾಗಿಲಲ್ಲೇ ಇರಬೇಕು, ಮತ್ತು ಶೌಚಾಲಯ ಹೊರಗಿದೆ ಎನ್ನುವುದನ್ನು ಬುಕಿಂಗ್ ಮಾಡುವಾಗಲೇ ಹೇಳಿರಬೇಕು. ಮೊಣಕಾಲು ನೋವಿನ ಅಜ್ಜಿಯನ್ನು ಕರೆದುಕೊಂಡು ಬಂದ ಕುಟುಂಬಕ್ಕೆ ರಾತ್ರಿ ಹತ್ತಕ್ಕೆ ಆ ಸಂಗತಿ ತಿಳಿದರೆ ಯಾವ ಉಪಚಾರವೂ ಅದನ್ನು ಸರಿಮಾಡಲಾರದು.

ಹಾವಿನ ಭಯ ಎಲ್ಲರದೂ. ಇದು ಕಾಳಿಂಗ ಸರ್ಪದ ನಾಡು. ಉರಗತಜ್ಞ ರಾಮ್ಯುಲಸ್ ವಿಟೇಕರ್ 1970ರ ದಶಕದಲ್ಲೇ ಅದನ್ನು ಹುಡುಕಿಕೊಂಡು ಇಲ್ಲಿಗೆ ಬಂದವರು. 2005ರಲ್ಲಿ ಅವರು ಕಟ್ಟಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ ಕಾಳಿಂಗಕ್ಕೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಅದರ ಓಡಾಟ ಅಭ್ಯಾಸ ಮಾಡಿದ್ದಾರೆ. ಅದರ ಮುಖ್ಯ ಆಹಾರ ಬೇರೆ ಹಾವುಗಳು, ಮನುಷ್ಯರ ತಂಟೆಗೆ ತಾನಾಗಿ ಬರುವುದಿಲ್ಲ. ಮನೆಯ ಹಿರಿಯರು ಇದನ್ನು ತಮ್ಮ ಅನುಭವದಿಂದ ಹೇಳಿದರೆ ಅತಿಥಿಗೆ ನಿದ್ದೆ ಬರುತ್ತದೆ. ಕತ್ತಲೆಯಲ್ಲಿ ಬರಿಗಾಲಲ್ಲಿ ಇಳಿಯಬೇಡಿ, ಕಟ್ಟಿಗೆ ರಾಶಿಗೆ ಕೈ ಹಾಕಬೇಡಿ, ಅಷ್ಟು ಸಾಕು.

ಉಂಬಳದಿಂದ ಪ್ರಾಣಕ್ಕೆ ಅಪಾಯವಿಲ್ಲ, ಗಾಬರಿ ಮಾತ್ರ ದೊಡ್ಡದು. ಕಚ್ಚಿದ್ದು ತಿಳಿಯುವುದೇ ಇಲ್ಲ, ಬಿಟ್ಟ ಮೇಲೆ ರಕ್ತ ಬೇಗ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿದೆ. ತೋಟಕ್ಕೆ ಹೊರಡುವ ಮೊದಲು ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಳ್ಳುವುದು ಇಲ್ಲಿಯ ಹಳೆಯ ಉಪಾಯ. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಒಪ್ಪಿಕೊಳ್ಳುತ್ತಾರೆ.

ನಿಜವಾಗಿ ಎಚ್ಚರ ಹೇಳಬೇಕಾದದ್ದು ಮಳೆ ಬಿಟ್ಟ ಮೇಲಿನ ಕಾಲಕ್ಕೆ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಹರಡುವುದು ಉಣ್ಣೆಯಿಂದ, ಡಿಸೆಂಬರಿನಿಂದ ಬೇಸಿಗೆ ಮುಗಿಯುವವರೆಗೆ ಅದರ ಕಾಟ. ಕಾಡಿನ ದರಗಿನ ಮೇಲೆ ಕೂರಬೇಡಿ, ಮಂಗ ಸತ್ತ ಜಾಗಕ್ಕೆ ಹೋಗಬೇಡಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು ಹೊರಡಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಊರಿಗೆ ಹೋದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವೆಂದು ಡಾಕ್ಟರಿಗೆ ಹೇಳಿ. ಗಿರಾಕಿ ಹೆದರಿ ಓಡಿಯಾರೆಂದು ಇದನ್ನು ಮುಚ್ಚಿಡುವ ಹೋಂಸ್ಟೇಗಳಿವೆ. ಹಾಗೆ ಮುಚ್ಚಿಡುವುದು ದೊಡ್ಡ ತಪ್ಪು. ಬಂದವರ ಜೀವದ ಹೊಣೆ ಮನೆಯವರದು.

ಇನ್ನೊಂದು ಕಡೆ, ಅತಿಥಿಗೆ ಏನೂ ಹೇಳಿಕೊಡಬೇಕಾಗದಂತೆ ಮನೆಯನ್ನೇ ಬದಲಿಸುವ ದಾರಿ ಹಿಡಿದವರಿದ್ದಾರೆ. ತೊಟ್ಟಿಗೆ ಪ್ಲಾಸ್ಟಿಕ್ ಶೀಟು ಹೊದಿಸಿ, ಕಾವಿ ನೆಲದ ಮೇಲೆ ಟೈಲ್ಸ್ ಕೂರಿಸಿ, ಅಂಗಳದಲ್ಲಿ ಸ್ಪೀಕರ್ ಇಟ್ಟು ಕ್ಯಾಂಪ್‌ಫೈರ್ ಮಾಡಿದರೆ ಅದಕ್ಕೆ ಆಗುಂಬೆಗೇ ಬರಬೇಕಾಗಿಲ್ಲ. ಎಷ್ಟೋ ಮನೆಗಳು ಕಂಬ, ಬಾಗಿಲು, ತೊಲೆ ಬಿಚ್ಚಿ ಮಾರಾಟವಾಗಿ ಹೋದವು. ಘಟ್ಟದ ಕೆಳಗೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಇಂಥ ಹಳೆಯ ಮನೆಗಳನ್ನು ತಂದು ಮತ್ತೆ ನಿಲ್ಲಿಸಿ ಹಸ್ತಶಿಲ್ಪ ಪರಂಪರಾ ಗ್ರಾಮ ಕಟ್ಟಿದರು. ಕುಪ್ಪಳಿಯ ಕವಿಮನೆ ಕುವೆಂಪು ಅವರ ಸ್ಮಾರಕವಾಗಿ ಉಳಿದಿದೆ. ಎರಡೂ ನೋಡಲೇಬೇಕಾದ ಜಾಗಗಳು. ಅಲ್ಲಿ ನೋಡಿ ಬರಬಹುದು. ಒಲೆ ಉರಿಯುವ, ಕೊಟ್ಟಿಗೆಯಲ್ಲಿ ಕರು ಕೂಗುವ ತೊಟ್ಟಿ ಮನೆಯಲ್ಲಿ ಇದ್ದು ಬರಬೇಕೆಂದರೆ ಈ ಒಂಟಿ ಮನೆಗಳೇ ಬೇಕು. ಅತಿಥಿಗಳು ಕೊಡುವ ಹಣದಿಂದ ಒಂದು ಮಾಡು ಇನ್ನೊಂದು ಮಳೆಗಾಲ ತಡೆದುಕೊಂಡರೆ ಅದಕ್ಕಿಂತ ಒಳ್ಳೆಯ ಪ್ರವಾಸೋದ್ಯಮ ಈ ಸೀಮೆಗೆ ಬೇರೆ ಇಲ್ಲ.

ಹೋಗುವವರು ಫೋನಿನಲ್ಲೇ ಕೇಳಿಕೊಳ್ಳಿ: ಮನೆಯವರು ಅದೇ ಮನೆಯಲ್ಲಿದ್ದಾರೆಯೇ, ಶೌಚಾಲಯ ಎಲ್ಲಿದೆ, ಕಾರು ಅಂಗಳದವರೆಗೆ ಬರುತ್ತದೆಯೇ, ಮಲಗುವುದು ಉಪ್ಪರಿಗೆಯಲ್ಲೋ ಕೆಳಗೋ. ಮಳೆಗಾಲವಾದರೆ ಎರಡು ಜೊತೆ ಹೆಚ್ಚು ಬಟ್ಟೆ, ಒಂದು ಟಾರ್ಚ್ ಇರಲಿ. ಹಗಲಿರುವಾಗಲೇ ಮನೆ ಸೇರಿ. ಮಣ್ಣು ದಾರಿಯಲ್ಲಿ ರಾತ್ರಿ ದಾರಿ ಕೇಳಲು ಯಾರೂ ಸಿಗುವುದಿಲ್ಲ. ಒಂದೇ ರಾತ್ರಿಗೆ ಹೋಗಬೇಡಿ. ಮೊದಲ ದಿನ ಮನೆ ಅರ್ಥವಾಗುವುದರಲ್ಲೇ ಕಳೆಯುತ್ತದೆ, ಎರಡನೆಯ ದಿನಕ್ಕೆ ಬಿಡುವು ಇಟ್ಟುಕೊಂಡು ಹೊರಡಿ.