ಮೈಕ್ ಆಮೇಲೆ, ಜಾಗ ಮೊದಲು

ಪ್ರೇಕ್ಷಕರ ನಡುವಿನಿಂದ ಸಂಗೀತ ಕಛೇರಿ ರೆಕಾರ್ಡ್ ಮಾಡಲು ಹೊರಟವರು ಯಾವ ಮೈಕ್ ಕೊಳ್ಳಬೇಕು ಎಂದು ವಿಚಾರಿಸುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಎಲ್ಲಿ ಕೂರಬೇಕು ಎಂಬುದು. ಸಭಾಂಗಣದಲ್ಲಿ ಮೈಕಿಗೆ ಎರಡು ಬಗೆಯ ಶಬ್ದ ಬೀಳುತ್ತದೆ: ವೇದಿಕೆಯಿಂದ ನೇರವಾಗಿ ಬಂದದ್ದು, ಗೋಡೆ-ಛಾವಣಿಗೆ ಬಡಿದು ಅನುರಣಿಸಿದ್ದು. ದೂರ ಇಮ್ಮಡಿಯಾದಾಗಲೆಲ್ಲ ನೇರ ಶಬ್ದ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಅನುರಣನ ಮಾತ್ರ ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಮಟ್ಟದಲ್ಲಿರುತ್ತದೆ. 10,000 ಘನ ಮೀಟರ್ ಗಾತ್ರದ, ಅನುರಣನ ಕಾಲ 1.6 ಸೆಕೆಂಡಿನ ಸಭಾಂಗಣದಲ್ಲಿ, ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ದನಿಯ ಮಟ್ಟಿಗೆ, ಇವೆರಡೂ ಸಮವಾಗುವುದು ಬರೀ ನಾಲ್ಕೂವರೆ ಮೀಟರ್ ದೂರದಲ್ಲಿ. ಅದಕ್ಕಿಂತ ಹಿಂದೆ ಸರಿದಷ್ಟೂ ಮೃದಂಗದ ಪೆಟ್ಟಿನ ಮೊನಚು, ಹಾಡಿನ ವ್ಯಂಜನಗಳು ಮಸುಕಾಗುತ್ತವೆ.

ಎದುರಿನ ಶಬ್ದವನ್ನೇ ಹೆಚ್ಚಾಗಿ ಹಿಡಿಯುವ ಮೈಕ್‌ಗಳಿವೆಯಲ್ಲ ಎನ್ನಬಹುದು. ಇವೆ, ಆದರೆ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುವ ಓಮ್ನಿ ಮೈಕಿಗೆ ಹೋಲಿಸಿದರೆ ಕಾರ್ಡಿಯಾಯ್ಡ್ ಮೈಕ್ ಸುಮಾರು 1.7 ಪಟ್ಟು, ಹೈಪರ್‌ಕಾರ್ಡಿಯಾಯ್ಡ್ 2 ಪಟ್ಟು ದೂರ ಹೋಗಲು ಬಿಡುತ್ತದೆ, ಅಷ್ಟೆ. ದೊಡ್ಡ ಕಛೇರಿಯ ಸ್ಪೀಕರ್‌ಗಳು ನೇರ ಶಬ್ದವನ್ನು ಹಿಂದಿನ ಸಾಲಿನವರೆಗೂ ಒಯ್ಯುತ್ತವೆ ಎಂಬ ಮಾತೂ ನಿಜ. ಆದರೆ ಅಲ್ಲಿಯೂ ಜಾಗವೇ ಗೆಲ್ಲುತ್ತದೆ: ಮೊದಲ ಸಾಲು ಎಷ್ಟೋ ವೇಳೆ ಸ್ಪೀಕರಿನ ನೇರಕ್ಕೆ ಸಿಗುವುದೇ ಇಲ್ಲ, ಒಂದು ಪಕ್ಕಕ್ಕೆ ಕೂತರೆ ಸ್ಟೀರಿಯೊ ಸಮತೋಲ ಹೋಗುತ್ತದೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡದ ಕಛೇರಿಗಳಲ್ಲಿ ರೆಕಾರ್ಡ್ ಮಾಡುವವರು ಮಿಕ್ಸರ್ ಮುಂದೆಯೇ ಮೈಕ್ ಕಂಬ ನಿಲ್ಲಿಸಿ ಧ್ವನಿ ಎಂಜಿನಿಯರ್‌ಗೆ ವೇದಿಕೆ ಕಾಣದಂತೆ ಮಾಡುತ್ತಿದ್ದರು. ಕೊನೆಗೆ 1984ರಲ್ಲಿ ತಂಡ ಅವರಿಗೆಂದೇ ಮಿಕ್ಸರಿನ ಹಿಂದೆ ಆಸನ ಮೀಸಲಿಟ್ಟಿತು. ಒಳ್ಳೆಯ ಮೈಕ್ ಕೈಯಲ್ಲಿದ್ದವರೂ ಪಟ್ಟು ಹಿಡಿದದ್ದು ಜಾಗಕ್ಕೆ. ಅವರ ಎತ್ತರದ ಕಂಬಗಳಿಗೂ ಕಾರಣವಿತ್ತು: ಹೆಚ್ಚು ಆವರ್ತನದ ಶಬ್ದವನ್ನು ಮುಂದಿನವರ ತಲೆ, ಮೈ, ಬಟ್ಟೆ ತಡೆಯುತ್ತವೆ.

ರೆಕಾರ್ಡಿಂಗನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಿಕೊಳ್ಳಬಹುದು ಎಂಬ ಭರವಸೆಯೂ ಪೂರ್ತಿ ನಡೆಯುವುದಿಲ್ಲ. ಮಂದ್ರ ಜಾಸ್ತಿಯಾದರೆ ತಗ್ಗಿಸಬಹುದು. ನೇರ ಶಬ್ದದೊಳಗೆ ಬೆರೆತುಹೋದ ಅನುರಣನವನ್ನು ಹಾಡಿಗೆ ಪೆಟ್ಟಾಗದಂತೆ ಬೇರ್ಪಡಿಸುವುದು ಕಷ್ಟ. ಆದ್ದರಿಂದ ಮೈಕಿನ ಆಯ್ಕೆ ಜಾಗವನ್ನು ಅನುಸರಿಸಬೇಕು. ನಡುಗೆರೆಯಲ್ಲಿ ಒಳ್ಳೆಯ ಜಾಗ ಸಿಕ್ಕರೆ ಎರಡು ಕಾರ್ಡಿಯಾಯ್ಡ್‌ಗಳನ್ನು 17 ಸೆಂಟಿಮೀಟರ್ ಅಂತರದಲ್ಲಿ, 110 ಡಿಗ್ರಿ ಕೋನದಲ್ಲಿ ಇಡುವ ಫ್ರೆಂಚ್ ರೇಡಿಯೊದ ಪದ್ಧತಿ ಸಾಕು. ಗುಂಯ್‌ಗುಡುವ ಸಭಾಂಗಣದಲ್ಲಿ ಹಿಂದೆ ಕೂರಬೇಕಾಗಿ ಬಂದರೆ ಹೈಪರ್‌ಕಾರ್ಡಿಯಾಯ್ಡ್ ಬೇಕು. ಬಯಲಿನ ಕಛೇರಿಯಲ್ಲಿ, ಸುತ್ತಲಿನವರು ಸದ್ದುಮಾಡದಿದ್ದರೆ, ಗಾಳಿಯ ಸದ್ದಿಗೆ ಅಷ್ಟಾಗಿ ಬಗ್ಗದ ಓಮ್ನಿ ಲೇಸು. ಕಲಾವಿದರ, ಸಂಘಟಕರ ಒಪ್ಪಿಗೆ ಪಡೆಯಿರಿ. ಕೈಯಲ್ಲಿರುವ ಹಣವನ್ನು ಮೊದಲು ಒಳ್ಳೆಯ ಆಸನಕ್ಕೆ ಕೊಡಿ, ಉಳಿದದ್ದರಲ್ಲಿ ಮೈಕ್ ಕೊಳ್ಳಿ.