'ಬ್ಲಾಕ್' ಎಂದೊಡನೆ ಬೈಪಾಸ್ ಅಲ್ಲ!

ಪಕ್ಕದ ಮನೆಯ ಹುಡುಗ ಎರಡನೇ ಪಿ.ಯು.ಸಿ. ಓಟದ ಪಂದ್ಯಕ್ಕೆ ವೈದ್ಯರ ಸರ್ಟಿಫಿಕೇಟು ಬೇಕೆಂದು ಇ.ಸಿ.ಜಿ. ಮಾಡಿಸಿಕೊಂಡು ಬಂದ. ಕಾಗದದ ಮೂಲೆಯಲ್ಲಿ ಯಂತ್ರವೇ ಅಚ್ಚು ಹಾಕಿದ ಒಂದು ಸಾಲು: 'ಇನ್‌ಕಂಪ್ಲೀಟ್ ರೈಟ್ ಬಂಡಲ್ ಬ್ರಾಂಚ್ ಬ್ಲಾಕ್'. ಅವನ ತಾಯಿಗೆ ಕಂಡದ್ದು ಕೊನೆಯ ಪದವೊಂದೇ. ಹುಡುಗನ ಸೋದರಮಾವನಿಗೆ ಬ್ಲಾಕ್ ಇದೆಯೆಂದು ಬೈಪಾಸ್ ಆಗಿತ್ತು. ಆ ರಾತ್ರಿ ಅವರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಎರಡು ಬೇರೆ ಬೇರೆ ತೊಂದರೆಗಳಿಗೆ ಒಂದೇ ಪದ ಬಳಕೆಯಲ್ಲಿರುವುದೇ ಈ ಗಾಬರಿಗೆ ಮೂಲ. ಮಾವನದು ರಕ್ತನಾಳದ ತಡೆ, ಅಂದರೆ ಕೊಳಾಯಿ ಕಟ್ಟಿಕೊಂಡಂತೆ. ಹುಡುಗನದು ವಿದ್ಯುತ್ತಿನ ಹಾದಿಯ ವಿಚಾರ, ವೈರಿಂಗಿಗೆ ಸೇರಿದ್ದು.

ಹೃದಯಕ್ಕೆ ವೈರಿಂಗೇ ಎಂದು ಅಚ್ಚರಿಪಡಬೇಡಿ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಸೈನಸ್ ಗಂಟು ಎಂಬ ಪುಟ್ಟ ಜೀವಕೋಶಗಳ ಗುಂಪಿದೆ. ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 60ರಿಂದ 100 ಬಾರಿ ಅದು ವಿದ್ಯುತ್ ಸಂಕೇತ ಹೊರಡಿಸುತ್ತದೆ. 1907ರಲ್ಲಿ ಇದನ್ನು ಆರ್ಥರ್ ಕೀತ್ ಜೊತೆ ಲೋಕಕ್ಕೆ ತಿಳಿಸಿದ ಮಾರ್ಟಿನ್ ಫ್ಲಾಕ್ ಆಗಿನ್ನೂ ವೈದ್ಯ ವಿದ್ಯಾರ್ಥಿ. ನೆಲ ತೋಡಿ ಬದುಕುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದಲ್ಲಿ ಅವನಿಗದು ಕಂಡಿತ್ತು. ಸಂಕೇತ ಮೇಲಿನ ಕೋಣೆಗಳನ್ನು ದಾಟಿ ನಡುವಿನ ಎ.ವಿ. ಗಂಟಿಗೆ ಬಂದು, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ನಿಧಾನಿಸುತ್ತದೆ. ಮೇಲಿನವು ರಕ್ತವನ್ನು ಕೆಳಕ್ಕೆ ಸುರಿದು ಮುಗಿಸಲಿ ಎಂದು! ಆಮೇಲೆ ಬಲ, ಎಡ ಎಂಬ ಎರಡು ಕವಲುಗಳಲ್ಲಿ ಹರಿದು ಹೃತ್ಕುಕ್ಷಿಗಳನ್ನು ಮಿಡಿಸುತ್ತದೆ.

ಈ ಹರಿವಿನ ಚಿತ್ರವೇ ಇ.ಸಿ.ಜಿ. ಹಾಲೆಂಡಿನ ಐಂತೋವನ್ 20ನೇ ಶತಮಾನದ ಆರಂಭದಲ್ಲಿ ಇದನ್ನು ತೆಗೆಯುವಾಗ ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. 1924ರಲ್ಲಿ ಅವನಿಗೆ ನೊಬೆಲ್ ಬಂತು. ಇಂದಿನ ಕಾಗದದಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಚೌಕ ಎಂದರೆ 0.04 ಸೆಕೆಂಡು. ಪಿ ಅಲೆಯ ಆರಂಭದಿಂದ ಕ್ಯೂ.ಆರ್.ಎಸ್. ಆರಂಭದವರೆಗೆ 3ರಿಂದ 5 ಚೌಕ ಇರಬೇಕು. ಚೂಪಾದ ಆ ಕ್ಯೂ.ಆರ್.ಎಸ್. ದೊಡ್ಡವರಲ್ಲಿ 3 ಚೌಕಕ್ಕಿಂತ ಕಡಿಮೆ. ಬಲಗವಲಿನಲ್ಲಿ ಸಂಕೇತ ತಡವಾದರೆ ಅದು ಅಗಲವಾಗುತ್ತದೆ. ಅಗಲ ಮಿತಿ ಮೀರದೆ ಆಕಾರ ಮಾತ್ರ ಹಾಗೆ ಕಂಡರೆ 'ಇನ್‌ಕಂಪ್ಲೀಟ್'. ಆರೋಗ್ಯವಂತ ಹರೆಯದವರಲ್ಲಿ, ಅದರಲ್ಲೂ ಕ್ರೀಡಾಪಟುಗಳಲ್ಲಿ, ಇದು ಸಾಮಾನ್ಯ.

ಹಾಗೆಂದು ಕಾಗದ ಮಡಿಚಿಟ್ಟು ಸುಮ್ಮನಾಗುವಂತಿಲ್ಲ. ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದ ರಂಧ್ರವಿದ್ದರೂ ಇದೇ ಚಿತ್ರ ಬರಬಹುದು. ಅದಕ್ಕೇ ವೈದ್ಯರು ಸ್ಟೆತಾಸ್ಕೋಪಿಟ್ಟು ಕೇಳಬೇಕು, ಅನುಮಾನವಿದ್ದರೆ ಎಕೋ ಮಾಡಿಸಬೇಕು. ಯಂತ್ರ ತಾನಾಗಿ ಬರೆಯುವ ಷರಾವನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ಎದೆಯ ಮೇಲಿನ ತಂತಿ ಒಂದಿಷ್ಟು ಸರಿದರೂ ಅದು ಬೇರೆಯೇ ಕಥೆ ಹೇಳೀತು.

ನಿಜಕ್ಕೂ ಹೆದರಬೇಕಾದ ಸಂಗತಿಗಳು ಬೇರೆ. ಓಡುವಾಗ ಪ್ರಜ್ಞೆ ತಪ್ಪುವುದು. ಎದೆ ಇದ್ದಕ್ಕಿದ್ದಂತೆ ನಗಾರಿಯಂತೆ ಬಡಿದುಕೊಂಡು ಅಷ್ಟೇ ಥಟ್ಟನೆ ನಿಲ್ಲುವುದು. ಮನೆತನದಲ್ಲಿ ಎಳೆಯ ವಯಸ್ಸಿನವರು ಹಠಾತ್ತನೆ ಸತ್ತಿರುವುದು. ಇವುಗಳ ಹಿಂದೆ ಸಂಕೇತ ಕಳ್ಳದಾರಿಯಲ್ಲಿ ನುಸುಳುವ ಡಬ್ಲ್ಯು.ಪಿ.ಡಬ್ಲ್ಯು., ಇಲ್ಲವೇ ಕ್ಯೂ.ಟಿ. ಅಂತರ ಉದ್ದವಾಗುವ ದೋಷ ಇರಬಹುದು. ಇವಕ್ಕೆ ಚಿಕಿತ್ಸೆಯಿದೆ, ಆದರೆ ಓಟ ನಿಲ್ಲಿಸಿ ಹೃದಯತಜ್ಞರನ್ನು ಕಾಣಬೇಕು. ಶಾಲೆಯ ಮಕ್ಕಳಿಗೆ ಗಂಟಲು ನೋವು ಬಂದು, ಕೆಲವು ವಾರಗಳ ನಂತರ ಜ್ವರ, ಕೀಲುನೋವು ಕಂಡರೂ ತಡಮಾಡಬೇಡಿ: ಸಂಧಿವಾತ ಜ್ವರ ಹೃದಯದ ಕವಾಟಗಳನ್ನು ಹಾಳುಮಾಡಬಲ್ಲದು. ಆಗ ಎ.ವಿ. ಗಂಟಿನಲ್ಲೂ ಸಂಕೇತ ತಡವಾಗುವುದುಂಟು.

ಹಾದಿ ಪೂರ್ತಿ ಕಡಿದುಹೋದರೆ ಪೇಸ್‌ಮೇಕರ್ ಬೇಕಾಗುತ್ತದೆ. 1958ರಲ್ಲಿ ಅದನ್ನು ಮೈಯೊಳಗೆ ಅಳವಡಿಸಿಕೊಂಡ ಮೊದಲಿಗ ಸ್ವೀಡನ್ನಿನ ಆರ್ನೆ ಲಾರ್ಸನ್. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು; ಆತ ಮಾತ್ರ 2001ರವರೆಗೆ, 86ರ ವಯಸ್ಸಿನ ತನಕ ಬದುಕಿದ.

ನಮ್ಮ ಹುಡುಗನ ಎಕೋ ಸರಿಯಿತ್ತು, ಓಡಿದ. ಆ ಇ.ಸಿ.ಜಿ.ಯನ್ನು ಎಸೆಯಬೇಡಿರೆಂದು ವೈದ್ಯರು ಹೇಳಿದ್ದಾರೆ. ಮುಂದೆಂದಾದರೂ ಎದೆನೋವೆಂದು ಹೋದಾಗ, 'ಇದು ಹಳೆಯದೋ ಹೊಸದೋ' ಎಂಬ ಪ್ರಶ್ನೆಗೆ ಅದೇ ಉತ್ತರ. ಶಾಖದಿಂದ ಮೂಡಿದ ಗೆರೆಗಳು ಕೆಲ ವರ್ಷಗಳಲ್ಲಿ ಮಾಸುತ್ತವೆಂದು ತಾಯಿ ಜೆರಾಕ್ಸ್ ಮಾಡಿಸಿ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಜೊತೆಗಿಟ್ಟಿದ್ದಾರೆ.