ನಿಮಗಿದು ಗೊತ್ತೆ? ಪುಟಾಣಿ ಸ್ಕೌಟ್‌ಗಳ ಆಟದಲ್ಲಿ ಮೋಗ್ಲಿಯ ಕಾಡು

ಸ್ಕೌಟ್ ಚಳವಳಿಯ ಅತಿ ಕಿರಿಯ ಹುಡುಗರಿಗಾಗಿ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1916ರಲ್ಲಿ 'ವುಲ್ಫ್ ಕಬ್' ವಿಭಾಗ ತೆರೆದರು. ಚಿಕ್ಕವರಿಗೆ ಕವಾಯತಿಗಿಂತ ಕಥೆಯೇ ಹೆಚ್ಚು ಹಿಡಿಸುತ್ತದೆಂದು ಅವರು ಕಂಡುಕೊಂಡಿದ್ದರು. ಅದಕ್ಕೇ ತೋಳಗಳ ನಡುವೆ ಬೆಳೆದ ಹುಡುಗ ಮೋಗ್ಲಿಯ ಕಥೆಯಿರುವ ರುಡ್ಯಾರ್ಡ್ ಕಿಪ್ಲಿಂಗರ 'ಜಂಗಲ್ ಬುಕ್' ಆಯ್ದರು. ಮಕ್ಕಳು ತೋಳದ ಮರಿಗಳು, ಮುಂದಾಳು ಕಥೆಯ ಹಿರಿ ತೋಳ ಅಕೇಲಾ! ಕಾ ಹೆಬ್ಬಾವಿನ ಕುಣಿತದಲ್ಲಿ ಮಕ್ಕಳೆಲ್ಲ ಒಬ್ಬರ ಹಿಂದೊಬ್ಬರು ಸಾಲಾಗಿ ಹಾವಿನ ಬಾಲವಾಗುತ್ತಾರೆ. ಮುಂದಿನವನು ಹೋದತ್ತ ಬಳುಕುತ್ತಾರೆ.

ಇನ್ನೊಂದು ಪ್ರಸಿದ್ಧ ಆಟ 'ಕಿಮ್ಸ್ ಗೇಮ್'. ಇದರ ಮೂಲ 1901ರಲ್ಲಿ ಪುಸ್ತಕವಾಗಿ ಬಂದ ಕಿಪ್ಲಿಂಗರ 'ಕಿಮ್' ಕಾದಂಬರಿ. ಅದರಲ್ಲಿ ಬಾಲಕ ಕಿಮ್ ಸಿಮ್ಲಾದ ಅಂಗಡಿಯೊಂದರಲ್ಲಿ ತಟ್ಟೆಯ ಮೇಲಿನ ಹರಳುಗಳನ್ನು ನೋಡಿ, ಮುಚ್ಚಿದ ಮೇಲೆ ಒಂದೊಂದನ್ನೂ ನೆನೆದು ಹೇಳಬೇಕು. ಗಮನ, ನೆನಪು ಎರಡನ್ನೂ ಇಷ್ಟು ಸುಲಭವಾಗಿ ಹರಿತಗೊಳಿಸುವ ಆಟ ಅಪರೂಪ.

ಅಂದಹಾಗೆ, ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1909ರಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಅವರಿಂದ. ಇಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಪುಟ್ಟ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್.

ರಜೆಯಲ್ಲಿ ಈ ಆಟಗಳನ್ನು ಮನೆಯಲ್ಲೂ ಆಡಿಸಿ. ಹಳೆಯ ರಟ್ಟು ಕತ್ತರಿಸಿ, ಬಣ್ಣ ಬಳಿದು, 'ಜಂಗಲ್ ಬುಕ್'ನ ಕರಿಚಿರತೆ ಬಘೀರನ ಮುಖವಾಡವನ್ನು ಮಕ್ಕಳೇ ಮಾಡಲಿ. ಕಿಮ್ಸ್ ಗೇಮ್‌ಗೆ ತಟ್ಟೆಯಲ್ಲಿ ಗುಂಡಿ, ಕವಡೆ, ಹುಣಸೆಬೀಜ, ಬೀಗದಕೈ ಹೀಗೆ ಇಪ್ಪತ್ತು ವಸ್ತು ಇಟ್ಟು, ಒಂದು ನಿಮಿಷ ತೋರಿಸಿ ಬಟ್ಟೆ ಮುಚ್ಚಿ. ತೀರಾ ಚಿಕ್ಕವರಿಗೆ ಎಂಟು ಹತ್ತು ಸಾಕು.